ಗ್ರೆನಡಾದಲ್ಲಿ ಜೀಗುಜ್ಜೆ ಬೆಂದ ದಿನ

ಫೆಬ್ರವರಿಯ ಒಂದು ಶನಿವಾರ ಬೆಳಗಿನ ಐದೂವರೆಗೆ ನಾವು ಮೂವರು ಈಸ್ಟ್ ಹ್ಯಾಮ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಎರಡು ಸೂಟ್‌ಕೇಸ್ ಇಟ್ಟುಕೊಂಡು ನಿಂತಿದ್ದೆವು. ಎರಡು ಡಿಗ್ರಿ ಚಳಿ, ಅದರ ಮೇಲೆ ಜಿನುಗು ಮಳೆ. ಹನ್ನೆರಡು ವರ್ಷದ ಮಗಳು ಮೈತ್ರಿ ಬರಿಗಾಲಿಗೆ ಚಪ್ಪಲಿ ಹಾಕಿಕೊಂಡು ಹೊರಟಿದ್ದಳು. ಅಲ್ಲಿ ಇಪ್ಪತ್ತೊಂಬತ್ತು ಡಿಗ್ರಿ ಇರುವಾಗ ಶೂ ಏಕೆ ಎಂದು ಹಿಂದಿನ ದಿನವೆಲ್ಲ ಇಂಗ್ಲಿಷಿನಲ್ಲಿ ವಾದ ಮಾಡಿ ಗೆದ್ದಿದ್ದಳು. ಈಗ ಕಾಲ್ಬೆರಳುಗಳು ಕೆಂಪಾಗಿದ್ದರೂ ಸೋತೆ ಎಂದು ಒಪ್ಪಿಕೊಳ್ಳಲು ತಯಾರಿರಲಿಲ್ಲ.

ಬ್ಲ್ಯಾಕ್‌ಫ್ರೈಯರ್ಸ್‌ನಲ್ಲಿ ರೈಲು ಬದಲಿಸಿ ಗ್ಯಾಟ್ವಿಕ್ ಮುಟ್ಟಿದಾಗ ಏಳೂಕಾಲು. ಹತ್ತು ಗಂಟೆಯ ವಿಮಾನ. ಸೇಂಟ್ ಲೂಸಿಯಾದಲ್ಲಿ ಒಂದು ತಾಸು ನಿಂತು, ಮತ್ತೆ ಹಾರಿ, ಗ್ರೆನಡಾದಲ್ಲಿ ಇಳಿದಾಗ ಅಲ್ಲಿ ಇನ್ನೂ ಸಂಜೆಯ ಬಿಸಿಲಿತ್ತು. ಗಡಿಯಾರವನ್ನು ನಾಲ್ಕು ತಾಸು ಹಿಂದೆ ಸರಿಸಿದೆವು. ವಿಮಾನದ ಮೆಟ್ಟಿಲ ಮೇಲೆ ನಿಂತಾಗಲೇ ಬೆವರು ಸುರಿಯತೊಡಗಿತು. ನಮ್ಮವರು ಕೋಟು ಬಿಚ್ಚಿ ತೋಳಿನ ಮೇಲೆ ಹಾಕಿಕೊಂಡು, ‘ಕುಂದಾಪ್ರದ್ದೇ ಸೆಕೆ ಕಾಣ್’ ಎಂದರು. ಲಂಡನ್ ಬಿಟ್ಟ ಮೇಲೆ ಅವರು ತಾವಾಗಿ ಆಡಿದ ಮೊದಲ ಮಾತು ಅದು.

ಈ ದ್ವೀಪದ ಹೆಸರನ್ನು ನಾನು ಮೊದಲು ಕೇಳಿದ್ದು ಮಾರ್ವಾಳಿಂದ. ನಾನು ಕೆಲಸ ಮಾಡುವ ಬಡಾವಣೆಯ ದವಾಖಾನೆಯ ರಿಸೆಪ್ಷನ್ನಿನಲ್ಲಿ ನನ್ನ ಪಕ್ಕದ ಕುರ್ಚಿ ಅವಳದು. ಕೆರಿಬಿಯನ್ ಸಮುದ್ರದ ತೆಂಕಣ ಮೂಲೆಯಲ್ಲಿರುವ, ಉದ್ದ ಇಪ್ಪತ್ತೊಂದು ಮೈಲಿ ಅಗಲ ಹನ್ನೆರಡು ಮೈಲಿಯ ಈ ಪುಟ್ಟ ನೆಲ ಅವಳ ತಾಯಿಯ ಊರು. ‘ಅಲ್ಲಿ ಗಾಳಿಯಲ್ಲೇ ಮಸಾಲೆಯ ವಾಸನೆ’ ಎಂದು ಅವಳು ಹೇಳಿದ್ದಳು. ಆ ಮಾತನ್ನು ಮಾತ್ರ ನಾನು ಮನೆಗೆ ಒಯ್ಯಲಿಲ್ಲ. ಅದಕ್ಕೆ ಕಾರಣವಿತ್ತು.

ನಮ್ಮವರ ಹೆಸರು ಸದಾನಂದ. ಈಸ್ಟ್ ಹ್ಯಾಮಿನ ಹೈ ಸ್ಟ್ರೀಟ್ ನಾರ್ತ್‌ನ ಒಂದು ಹೋಟೆಲಿನಲ್ಲಿ ಹದಿನಾರು ವರ್ಷ ಮುಖ್ಯ ಅಡುಗೆಯವರಾಗಿದ್ದರು. ಸಾಂಬಾರು ಹದಕ್ಕೆ ಬಂತೋ ಇಲ್ಲವೋ ಎಂದು ಚಮಚದಲ್ಲಿ ರುಚಿ ನೋಡಿದವರಲ್ಲ. ಹಬೆಗೆ ಒಂದು ಗಳಿಗೆ ಮುಖ ಒಡ್ಡಿ, ಇನ್ನಷ್ಟು ಹುಳಿ ಬೇಕು, ಇಂಗು ಸಾಕು ಎಂದು ಹೇಳುತ್ತಿದ್ದರು. ಎರಡು ಚಳಿಗಾಲದ ಹಿಂದೆ ಅವರಿಗೆ ಕೋವಿಡ್ ಬಂತು. ಜ್ವರ ಐದು ದಿನಕ್ಕೆ ಹೋಯಿತು, ಹೋಗುವಾಗ ವಾಸನೆಯನ್ನೂ ಒಯ್ದಿತು. ಎಲ್ಲರಿಗೂ ಹಾಗೇ ಆಗುತ್ತದೆ, ವಾರದಲ್ಲಿ ಬರುತ್ತದೆ ಎಂದರು. ಬರಲಿಲ್ಲ. ಆಸ್ಪತ್ರೆಯವರು ಹೇಳಿದಂತೆ ಲವಂಗ, ನಿಂಬೆ, ಗುಲಾಬಿ, ನೀಲಗಿರಿ ಎಣ್ಣೆಗಳ ನಾಲ್ಕು ಶೀಶೆ ತಂದು ಬೆಳಿಗ್ಗೆ ಸಂಜೆ ಮೂಸಿದರು. ಪ್ರತಿ ಶೀಶೆ ಮುಚ್ಚುವಾಗಲೂ ‘ಇಲ್ಲೆ’, ಅಂದರೆ ಇಲ್ಲ, ಎನ್ನುತ್ತಿದ್ದರು. ಹತ್ತು ತಿಂಗಳ ಮೇಲೆ ಶೀಶೆಗಳನ್ನು ತೆಗೆದಿಟ್ಟರು.

ಅದರ ಜೊತೆಗೆ ಇನ್ನೊಂದು ಕಾಟ. ಇದ್ದ ವಾಸನೆ ಬರುತ್ತಿರಲಿಲ್ಲ, ಇಲ್ಲದ ವಾಸನೆ ಬರುತ್ತಿತ್ತು. ಕೂತಲ್ಲಿಂದ ಥಟ್ಟನೆ ಎದ್ದು, ‘ಎಂತದೋ ಕರ್‍ಕ್ ಆತಾ ಇತ್ತ್’ ಎಂದು ಅಡುಗೆಮನೆಗೆ ಓಡುತ್ತಿದ್ದರು. ಒಲೆ ಆರಿಯೇ ಇರುತ್ತಿತ್ತು. ಅದು ನರದ ತೊಂದರೆ, ಸುಟ್ಟ ವಾಸನೆಯ ಭ್ರಮೆ ಕೆಲವರಿಗೆ ಬರುತ್ತದೆ ಎಂದು ಡಾಕ್ಟರ್ ವಿವರಿಸಿದರು. ಮೈತ್ರಿ ಮೊದಮೊದಲು ಅಪ್ಪನ ಜೊತೆ ಓಡಿ ನೋಡುತ್ತಿದ್ದವಳು, ಆಮೇಲೆ ಪುಸ್ತಕದಿಂದ ತಲೆ ಎತ್ತದೆ ‘ಏನೂ ಸುಡ್ತಿಲ್ಲ ಅಪ್ಪಾ’ ಎಂದು ಇಂಗ್ಲಿಷಿನಲ್ಲಿ ಹೇಳುವುದನ್ನು ಕಲಿತಳು.

ಒಂದು ಮಧ್ಯಾಹ್ನ ಹಳಸಿದ ಕಾಯಿಚಟ್ನಿ ಅವರ ಕೈಯಿಂದಲೇ ಗಿರಾಕಿಗಳ ಮೇಜಿಗೆ ಹೋಯಿತು. ಹೋಟೆಲಿನ ಯಜಮಾನರು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತೇನೋ. ನಮ್ಮವರು ತಾವೇ ಏಪ್ರನ್ ಬಿಚ್ಚಿ ಮೊಳೆಗೆ ಹಾಕಿ ಬಂದರು. ಈಗ ಗ್ರೀನ್‌ಫರ್ಡ್‌ನ ಒಂದು ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಲೇಬಲ್ ಹಚ್ಚುತ್ತಾರೆ. ಮೈಲ್ ಎಂಡ್‌ನಲ್ಲಿ ಟ್ಯೂಬ್ ರೈಲು ಬದಲಿಸಿ ಹೋಗಲಿಕ್ಕೆ ಒಂದೂಕಾಲು ತಾಸು, ಬರಲಿಕ್ಕೆ ಅಷ್ಟೇ. ಮನೆಯಲ್ಲಿ ನಾನು ಮಾಡಿದ್ದನ್ನು ಉಣ್ಣುತ್ತಾರೆ, ಚೆನ್ನಾಗಿದೆ ಎನ್ನುತ್ತಾರೆ. ಚೆನ್ನಾಗಿಲ್ಲದ ದಿನವೂ ಹಾಗೇ ಎನ್ನುತ್ತಾರೆ. ಸಮುದ್ರ ಕಂಡರೆ ಕುಂದಾಪುರದವರಿಗೆ ಜೀವ ಬರುತ್ತದೆ ಎಂಬ ಒಂದೇ ನಂಬಿಕೆಯ ಮೇಲೆ ನಾನು ಈ ಟಿಕೆಟ್ ಮಾಡಿಸಿದ್ದು.

ಗ್ರ್ಯಾಂಡ್ ಆನ್ಸ್ ಎಂಬ ಉದ್ದನೆಯ ಕಡಲತೀರದ ಹತ್ತಿರ ಮಾರ್ವಾಳ ಪರಿಚಯದವರ ಗೆಸ್ಟ್ ಹೌಸಿನಲ್ಲಿ ಇಳಿದುಕೊಂಡೆವು. ಮೊದಲ ಎರಡು ದಿನ ಮೈತ್ರಿ ನೀರಿನಿಂದ ಹೊರಗೆ ಬರಲೇ ಇಲ್ಲ. ನಮ್ಮವರು ಬಾದಾಮಿ ಮರದ ನೆರಳಿನಲ್ಲಿ ಕೂತು, ‘ನಮ್ಮ ಮರವಂತೆ ಕಂಡ ಹಾಂಗೇ ಇತ್ತ್’ ಎಂದು ಕುಂದಾಪುರದ ಹತ್ತಿರದ ಕಡಲತೀರವನ್ನು ನೆನೆದರು. ಅವರ ಕನ್ನಡದಲ್ಲಿ ‘ಇತ್ತ್’ ಎಂದರೆ ‘ಇದೆ’. ಮದುವೆಯಾದ ಹೊಸದರಲ್ಲಿ ಧಾರವಾಡದ ನನಗೆ ಇದು ತಿಳಿಯದೆ, ‘ಹಾಲ್ ಇತ್ತ್’ ಎಂದರೆ ಮುಗಿದುಹೋಯಿತೆಂದು ಚೀಲ ಹಿಡಿದು ಅಂಗಡಿಗೆ ಹೋಗಿಬರುತ್ತಿದ್ದೆ.

ಮಂಗಳವಾರ ದಿನವಿಡೀ ತಿರುಗಾಟಕ್ಕೆಂದು ಇಟ್ಟುಕೊಂಡಿದ್ದೆವು. ಪಶ್ಚಿಮ ಕರಾವಳಿಯ ಗುಯಾವ್ ಎಂಬ ಊರಿನ ಮೇಲಿನ ಗುಡ್ಡದಲ್ಲಿ ಮಾರ್ವಾಳ ಚಿಕ್ಕಮ್ಮ ಐರಿಸ್ ಇದ್ದಾರೆ. ‘ನನ್ನ ಚಿಕ್ಕಮ್ಮನ ಮನೆಯಲ್ಲಿ ಉಣ್ಣದೆ ಬಂದರೆ ನನ್ನ ಪಕ್ಕ ಕೂಡಬೇಡ’ ಎಂದು ಮಾರ್ವಾ ಹೇಳಿ ಕಳಿಸಿದ್ದಳು. ನಾನು ಮಾಂಸ, ಮೀನು ತಿನ್ನುವುದಿಲ್ಲ ಎಂಬುದನ್ನೂ ಅವಳೇ ಫೋನಿನಲ್ಲಿ ತಿಳಿಸಿದ್ದಳು.

ಬೆಳಿಗ್ಗೆ ಎಂಟೂವರೆಗೆ ಹೊರಟು ರಾಜಧಾನಿ ಸೇಂಟ್ ಜಾರ್ಜಸ್‌ನ ಬಸ್ ನಿಲ್ದಾಣಕ್ಕೆ ಬಂದೆವು. ಬಸ್ಸೆಂದರೆ ವ್ಯಾನು. ಐದನೇ ನಂಬರಿನ ವ್ಯಾನು ಗುಯಾವ್ ಕಡೆಗೆ ಹೋಗುತ್ತದೆ. ತಲಾ ಆರು ಡಾಲರ್, ಅಲ್ಲಿಯ ಡಾಲರ್. ನಮ್ಮ ಎರಡು ಪೌಂಡಿಗೂ ಕಡಿಮೆ. ಹದಿನೈದು ಮಂದಿ ಕೂಡುವ ಜಾಗದಲ್ಲಿ ನಾನು ಹತ್ತೊಂಬತ್ತರವರೆಗೆ ಎಣಿಸಿ ಬಿಟ್ಟೆ. ಹತ್ತಿದವರೆಲ್ಲ ಒಳಗಿರುವವರಿಗೆ ‘ಗುಡ್ ಮಾರ್ನಿಂಗ್’ ಹೇಳಿಯೇ ಕೂಡುತ್ತಿದ್ದರು, ಒಳಗಿನವರು ಒಟ್ಟಾಗಿ ಉತ್ತರ ಕೊಡುತ್ತಿದ್ದರು. ಮೈತ್ರಿ ನನ್ನ ಕಿವಿಯಲ್ಲಿ, ‘ನಮ್ಮ ಡಿಸ್ಟ್ರಿಕ್ಟ್ ಲೈನ್ ರೈಲಿನಲ್ಲಿ ಹೀಗೆ ಮಾಡಿದರೆ ಪೊಲೀಸರನ್ನು ಕರೀತಾರೆ’ ಎಂದಳು. ಇಳಿಯುವವರು ತಗಡಿನ ಮೇಲೆ ಎರಡು ಸಲ ಗುದ್ದಿದರೆ ವ್ಯಾನು ನಿಲ್ಲುತ್ತಿತ್ತು.

ಎಡಗಡೆ ಸಮುದ್ರ, ಬಲಗಡೆ ಕಡಿದಾದ ಹಸಿರು ಗುಡ್ಡ, ನಡುವೆ ಹಾವಿನಂತೆ ರಸ್ತೆ. ತೆಂಗು, ಬಾಳೆ, ಮಾವು, ಕೋಕೋ. ಒಂದು ದೊಡ್ಡ ಮರದಲ್ಲಿ ಹಸಿರು ಚೆಂಡುಗಳಂತೆ ಕಾಯಿ ಜೋತುಬಿದ್ದದ್ದು ಕಂಡು ನಮ್ಮವರು ಕುತ್ತಿಗೆ ತಿರುಗಿಸಿ ನೋಡಿದರು. ‘ಹ್ವಾಯ್, ಇದ್ ನಮ್ ಜೀಗುಜ್ಜೆ ಅಲ್ದಾ!’ ಜೀಗುಜ್ಜೆ ಎಂದರೆ ಕರಾವಳಿಯವರ ಹಿತ್ತಿಲಲ್ಲಿ ಬೆಳೆಯುವ, ಹಲಸಿನ ತಮ್ಮನಂತಿರುವ ಕಾಯಿ. ಅತ್ತೆಯ ಮನೆಯಲ್ಲಿ ಅದರ ಹುಳಿ, ಪೋಡಿ ಎಂಬ ಬಜ್ಜಿ ಎಲ್ಲ ಉಂಡಿದ್ದೇನೆ. ಇಲ್ಲಿ ಅದು ಬ್ರೆಡ್‌ಫ್ರೂಟ್. ಆಮೇಲೆ ಅವರು ಸುಮಾರು ದೂರ ಜೀಗುಜ್ಜೆ ಮರಗಳನ್ನು ತೋರಿಸುತ್ತಲೇ ಇದ್ದರು.

ಅರ್ಧ ದಾರಿಯಲ್ಲಿ ಒಂದು ತಿರುವು ಬರುತ್ತಲೇ ಎಲ್ಲರೂ ಪಟಪಟನೆ ಕಿಟಕಿ ಎಳೆದುಕೊಂಡರು. ರಸ್ತೆ ಬದಿಯಲ್ಲಿ ಏನೋ ಸತ್ತು ಬಿದ್ದಿತ್ತೇನೋ, ಕೊಳೆತ ವಾಸನೆ. ನಮ್ಮವರ ಕಿಟಕಿಯೊಂದೇ ತೆರೆದಿತ್ತು. ಅವರು ಮುಖಕ್ಕೆ ಗಾಳಿ ಬಿಟ್ಟುಕೊಂಡು ಸಮುದ್ರ ನೋಡುತ್ತಿದ್ದರು. ಹಿಂದಿನ ಸೀಟಿನ ಹೆಂಗಸು ‘ಮಿಸ್ಟರ್, ಮಿಸ್ಟರ್’ ಎಂದು ಭುಜ ಮುಟ್ಟಿದಳು.

‘ಕಿಟಕಿ ಹಾಕ್ರಿ,’ ಎಂದೆ ನಾನು.

‘ಎಂತಕ್ಕೆ? ಲಾಯ್ಕ್ ಗಾಳಿ ಬತ್ತಾ ಇತ್ತಲೆ.’

ನಾನು ಉತ್ತರ ಕೊಡುವ ಮೊದಲೇ ಸುತ್ತಲಿನವರು ಮೂಗು ಮುಚ್ಚಿಕೊಂಡದ್ದನ್ನು ನೋಡಿದರು. ಕಿಟಕಿ ಮುಚ್ಚಿದರು. ಗುಯಾವ್ ಬರುವವರೆಗೆ ಮತ್ತೆ ಜೀಗುಜ್ಜೆ ಮರ ತೋರಿಸಲಿಲ್ಲ.

ಗುಯಾವ್ ಮೀನುಗಾರರ ಊರು. ಒಂದೇ ಉದ್ದ ಬೀದಿ. ಆ ಬೀದಿಯಲ್ಲೇ ಮರದ ಅಟ್ಟಗಳಿರುವ ದೊಡ್ಡ ಕಟ್ಟಡವೊಂದಿದೆ. ಜಾಯಿಕಾಯಿಯನ್ನು ಒಣಗಿಸಿ, ಒಡೆದು, ಆರಿಸುವ ಜಾಗ. ಬಂದವರಿಗೆ ಸ್ವಲ್ಪ ಶುಲ್ಕ ತೆಗೆದುಕೊಂಡು ತೋರಿಸುತ್ತಾರೆ. ನಾನು ಅದನ್ನು ತಪ್ಪಿಸಿ ಹೋಗೋಣ ಎಂದುಕೊಂಡಿದ್ದೆ. ನಮ್ಮವರೇ, ‘ಮಗ್ಳ್ ಕಾಣಲಿ’ ಎಂದು ಒಳಗೆ ನಡೆದರು.

ಬಾಗಿಲು ದಾಟಿದ್ದೇ ನನಗೆ ತಲೆ ತಿರುಗಿದಂತಾಯಿತು. ಧಾರವಾಡದಲ್ಲಿ ನಮ್ಮವ್ವ ತಮ್ಮನ ಬಾಣಂತನದಲ್ಲಿ ಜಾಯಿಕಾಯಿ ತೇದು ಹಾಲಿಗೆ ಹಾಕುತ್ತಿದ್ದಳು. ಆ ಕೋಣೆಯ ವಾಸನೆ ನೂರು ಪಟ್ಟು ಆಗಿ ಎದುರಿಗೆ ನಿಂತಿತ್ತು. ಸಾಲಾಗಿ ಕೂತ ಹೆಂಗಸರು ಕಾಯಿಗಳನ್ನು ಆರಿಸುತ್ತಿದ್ದರು. ನೀರಿನಲ್ಲಿ ಹಾಕಿದಾಗ ಮುಳುಗಿದ್ದು ಗಟ್ಟಿ, ತೇಲಿದ್ದು ಜೊಳ್ಳು ಎಂದು ನಮಗೆ ತೋರಿಸುತ್ತಿದ್ದ ಹುಡುಗಿ ಹೇಳಿದಳು. ಕೆಂಪು ಜಾಪತ್ರೆ ಸುತ್ತಿಕೊಂಡ ಒಂದು ಹಸಿ ಕಾಯಿಯನ್ನು ಕೊಯ್ದು ಮೈತ್ರಿಯ ಮೂಗಿಗೆ ಹಿಡಿದಳು. ‘ಕ್ರಿಸ್ಮಸ್ ಥರ ಇದೆ’ ಎಂದಳು ಮೈತ್ರಿ. ಆಮೇಲೆ ಅದು ನಮ್ಮವರ ಕೈಗೆ ಬಂತು.

ಅವರು ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದರು. ಹದಿನಾರು ವರ್ಷ ಹಬೆಯ ಮುಂದೆ ನಿಂತಂತೆಯೇ ನಿಂತರು. ಆಮೇಲೆ ಕಣ್ಣು ತೆರೆದು, ನಕ್ಕು, ‘ವೆರಿ ನೈಸ್’ ಎಂದರು.

ಹೊರಗೆ ಬಂದ ಮೇಲೆ ಅವರು ನೀರಿನ ಬಾಟಲಿ ಕೊಳ್ಳಲು ಅಂಗಡಿಗೆ ಹೋದರು. ಮೈತ್ರಿ ನನ್ನ ಕೈ ಹಿಡಿದುಕೊಂಡು ಕೇಳಿದಳು: ‘ಅಪ್ಪನಿಗೆ ವಾಸನೆ ಬರಲಿಲ್ಲ ಅಲ್ವಾ?’ ಪ್ರಶ್ನೆ ಇಂಗ್ಲಿಷಿನಲ್ಲಿತ್ತು. ಬರಲಿಲ್ಲ ಎಂದು ನಾನು ತಲೆಯಾಡಿಸಿದೆ. ಈ ಪ್ರವಾಸವೇ ತಪ್ಪಾಯಿತೇನೋ ಅನ್ನಿಸಿತು. ಸಮುದ್ರವಷ್ಟೇ ಸಾಕಿತ್ತು, ಮಸಾಲೆಯ ದ್ವೀಪ ಬೇಕಾಗಿರಲಿಲ್ಲ.

ಐರಿಸ್ ಅವರ ಮನೆಗೆ ಇಪ್ಪತ್ತು ನಿಮಿಷದ ಏರು. ಕಂಬಗಳ ಮೇಲೆ ನಿಂತ ನೀಲಿ ಹಲಗೆಯ ಮನೆ, ಮುಂದೆ ಗುಡಿಸಿ ಚೊಕ್ಕಟ ಮಾಡಿದ ಅಂಗಳ. ಅಂಗಳದ ನಡುವೆ ಮೂರು ಕಲ್ಲು, ಅದರ ಮೇಲೆ ದೊಡ್ಡ ಕಬ್ಬಿಣದ ಪಾತ್ರೆ. ಎಪ್ಪತ್ತು ದಾಟಿದ, ತೆಳ್ಳಗೆ ಎತ್ತರದ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ‘ಮಾರ್ವಾಳ ಗೆಳತಿ ತೆಳ್ಳಗಿದ್ದಾಳೆ. ಲಂಡನ್ನಿನಲ್ಲಿ ಊಟ ಇಲ್ಲವೇ?’ ಎಂದು ಸ್ವಾಗತಿಸಿದರು. ನೆರೆಮನೆಯ ಡೆಸ್ಮಂಡ್ ಎಂಬ ಮೀನುಗಾರ ಬೆಂಕಿಗೆ ಕಟ್ಟಿಗೆ ಇಡುತ್ತಿದ್ದ.

ಅಂದಿನ ಅಡುಗೆಯ ಹೆಸರು ಆಯಿಲ್ ಡೌನ್. ಆ ದೇಶದ ಹಬ್ಬದೂಟವೇ ಅದು. ಐರಿಸ್ ಬುಟ್ಟಿಯಿಂದ ಸಾಮಾನು ಒಂದೊಂದಾಗಿ ತೆಗೆದು ಹಲಗೆಯ ಮೇಲೆ ಇಟ್ಟರು. ಜೀಗುಜ್ಜೆ, ಬಾಳೆಕಾಯಿ, ಕೆಸುವಿನ ಎಲೆ, ಅರಿಸಿನದ ಕೊಂಬು, ಎರಡು ತೆಂಗಿನಕಾಯಿ. ನಮ್ಮವರು ನನ್ನ ಮುಖ ನೋಡಿದರು. ಕುಂದಾಪುರದ ಅಡುಗೆಮನೆಯ ನೆಲದ ಮೇಲೆ ಇದೇ ಐದು ಸಾಮಾನು ಹರಡಿಕೊಂಡು ಕೂತ ಅತ್ತೆಯವರನ್ನು ನಾವಿಬ್ಬರೂ ನೋಡಿದ್ದೆವು.

ಐರಿಸ್ ಒಂದು ಚೂರಿ ನಮ್ಮವರ ಮುಂದೆ ಹಿಡಿದರು. ‘ನೀನು ಅಡುಗೆಯವನಂತೆ. ಮಾರ್ವಾ ಹೇಳಿದ್ದಾಳೆ.’

‘ಆಗಿದ್ದೆ. ಈಗಲ್ಲ,’ ಎಂದರು ನಮ್ಮವರು ಇಂಗ್ಲಿಷಿನಲ್ಲಿ.

‘ಯಾಕೆ, ಕೈ ಮುರಿಯಿತೇ?’

‘ಕೈ ಅಲ್ಲ. ಮೂಗು.’

ನಾನು ನಲ್ಲಿಯ ಹತ್ತಿರ ಕೆಸುವಿನ ಎಲೆ ತೊಳೆಯುತ್ತಿದ್ದವಳು ಅಲ್ಲಿಯೇ ನಿಂತೆ. ಈ ಮಾತನ್ನು ಅವರು ತಮ್ಮ ಅಣ್ಣನಿಗೂ ಹೇಳಿರಲಿಲ್ಲ. ಕೆಲಸ ಬಿಟ್ಟದ್ದು ಬೆನ್ನುನೋವಿಗೆ ಎಂದು ಊರಿನವರು ತಿಳಿದಿದ್ದಾರೆ. ಇಲ್ಲಿ, ಹತ್ತು ನಿಮಿಷದ ಪರಿಚಯದ ಮುದುಕಿಯ ಮುಂದೆ, ತಮ್ಮ ಹರಕುಮುರುಕು ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದರು. ಜ್ವರ, ಶೀಶೆಗಳು, ಹಳಸಿದ ಚಟ್ನಿ, ಸುಳ್ಳು ಸುಟ್ಟ ವಾಸನೆ. ‘ನನ್ನ ಮಗಳಿಗೆ ಬೇಸರ ಬಂದುಹೋಗಿದೆ,’ ಎಂದೂ ಹೇಳಿದರು. ಮೆಟ್ಟಿಲ ಮೇಲೆ ಕೂತಿದ್ದ ಮೈತ್ರಿ ತಲೆ ತಗ್ಗಿಸಿದಳು.

ಐರಿಸ್ ಪೂರ್ತಿ ಕೇಳಿ, ಅಯ್ಯೋ ಪಾಪ ಎನ್ನಲಿಲ್ಲ. ಗುಡ್ಡದ ಕಡೆ ಚೂರಿ ತೋರಿಸಿದರು. ‘ಅಲ್ಲಿ ನಮ್ಮದು ಅರವತ್ತು ಜಾಯಿಕಾಯಿ ಮರ ಇತ್ತು. ಇಪ್ಪತ್ತು ವರ್ಷದ ಹಿಂದೆ ಚಂಡಮಾರುತ ಬಂದು ಒಂದೇ ಹಗಲಿನಲ್ಲಿ ಮಲಗಿಸಿತು. ಎಲ್ಲರೂ ಬಾಳೆ ಹಾಕಿದರು; ವರ್ಷಕ್ಕೆ ಫಸಲು. ನನ್ನ ಗಂಡ ಮತ್ತೆ ಜಾಯಿಕಾಯಿ ಸಸಿಯನ್ನೇ ನೆಟ್ಟ. ಏಳೆಂಟು ವರ್ಷ ಕಾಯಬೇಕು. ಕಾಯಿ ಬಿಡದ ಗಂಡು ಮರವೋ, ಬಿಡುವ ಹೆಣ್ಣು ಮರವೋ ಎಂಬುದು ಹೂ ಬಿಡುವ ತನಕ ಗೊತ್ತಿಲ್ಲ. ಹುಚ್ಚ ಅಂದೆ ನಾನು.’

‘ಬಂತಾ?’ ಎಂದರು ನಮ್ಮವರು.

‘ಅರ್ಧಕ್ಕರ್ಧ ಗಂಡು ಬಂತು,’ ಎಂದು ಐರಿಸ್ ನಕ್ಕರು. ‘ಉಳಿದರ್ಧವನ್ನು ನಾನು ಈಗ ಕೊಯ್ಯುತ್ತಿದ್ದೇನೆ. ಹಿಡಿ ಚೂರಿ. ಸಿಪ್ಪೆ ತೆಗೆಯಲಿಕ್ಕೆ ಮೂಗು ಬೇಡ.’

ಅವರು ಚೂರಿ ತೆಗೆದುಕೊಂಡರು. ಎರಡು ವರ್ಷದಿಂದ ನಮ್ಮ ಮನೆಯಲ್ಲಿ ಈರುಳ್ಳಿ ಸಹ ಹೆಚ್ಚದ ಕೈ, ಜೀಗುಜ್ಜೆಯನ್ನು ನಾಲ್ಕು ಹೋಳು ಮಾಡಿ, ಗೂಂಜು ತೆಗೆದು, ಸಿಪ್ಪೆ ಒಂದೇ ಎಳೆಯಲ್ಲಿ ಬಿಡಿಸಿತು. ಡೆಸ್ಮಂಡ್ ಸಿಳ್ಳೆ ಹಾಕಿದ. ಮೈತ್ರಿ ಮೆಟ್ಟಿಲಿಂದ ಇಳಿದು ಬಂದು ಅಪ್ಪನ ಪಕ್ಕ ಕುಕ್ಕರಗಾಲಿನಲ್ಲಿ ಕೂತಳು.

ಪಾತ್ರೆಯಲ್ಲಿ ಜೀಗುಜ್ಜೆ ಕೆಳಗೆ, ಅದರ ಮೇಲೆ ಬಾಳೆಕಾಯಿ, ಗೋಧಿಹಿಟ್ಟಿನ ಕಡುಬು, ಮೇಲೆ ಕೆಸುವಿನ ಎಲೆ ಹೊದಿಸಿ, ಅರಿಸಿನ ಕಲಸಿದ ತೆಂಗಿನ ಹಾಲು ಸುರಿದು ಮುಚ್ಚಿದರು. ಮಾಮೂಲಾಗಿ ತಳದಲ್ಲಿ ಉಪ್ಪು ಹಾಕಿದ ಮಾಂಸ ಇರುತ್ತದಂತೆ. ಅಂದು ನನಗಾಗಿ ಹಾಕಿರಲಿಲ್ಲ. ಇದನ್ನು ಸೌಟು ಹಾಕಿ ತಿರುವುವಂತಿಲ್ಲ. ಹಾಲೆಲ್ಲ ಇಂಗಿ ಎಣ್ಣೆ ತಳಕ್ಕೆ ಇಳಿಯಬೇಕು. ಒಂದು ತಾಸು ಬೇಕು ಎಂದು ಐರಿಸ್ ಮುಚ್ಚಳದ ಮೇಲೆ ಒಂದು ಕಲ್ಲು ಹೇರಿದರು.

ನಾವೆಲ್ಲ ಮನೆಯ ಬದಿಯ ಮಾವಿನ ನೆರಳಿಗೆ ಬಂದು ಕೂತೆವು. ಒಲೆಗೂ ನಮಗೂ ಹದಿನೈದಿಪ್ಪತ್ತು ಹೆಜ್ಜೆ. ಐರಿಸ್ ಕೋಕೋ ಹಣ್ಣೊಂದನ್ನು ಒಡೆದು ಮೈತ್ರಿಗೆ ಬಿಳಿ ತೊಳೆ ಚೀಪಲು ಕೊಟ್ಟರು. ಡೆಸ್ಮಂಡ್ ಟ್ಯೂನಾ ಹಿಡಿಯುವ ವಿಷಯ ಹೇಳುತ್ತಿದ್ದ. ನಮ್ಮವರು ಅವನಿಗೆ ಬಂಗುಡೆಯ ವಿಷಯ ಹೇಳುತ್ತಿದ್ದರು.

ಮಾತಿನ ನಡುವೆ ನಮ್ಮವರು ಥಟ್ಟನೆ ತಲೆ ಎತ್ತಿದರು. ಮೂಗಿನ ಹೊಳ್ಳೆ ಅರಳಿತು. ಈ ಮುಖ ನನಗೆ ಗೊತ್ತು. ಇವರ ಮುಂದೆ ಬೇಡಪ್ಪಾ ಎಂದು ದೇವರನ್ನು ಬೇಡಿಕೊಂಡೆ.

‘ತಳ ಹಿಡೀತಾ ಇತ್ತ್!’ ಎಂದರು ಎದ್ದು ನಿಂತು, ಗಟ್ಟಿಯಾಗಿ, ಕನ್ನಡದಲ್ಲಿಯೇ.

ಐರಿಸ್ ನನ್ನ ಕಡೆ ನೋಡಿದರು. ನಾನು, ‘ಏನೂ ಇಲ್ರೀ, ಕೂಡ್ರಿ’ ಎಂದು ಅವರ ತೋಳು ಹಿಡಿದೆ. ಪಾತ್ರೆಯಿಂದ ಬಿಳಿಯ ಹಬೆ ಮಾತ್ರ ಏಳುತ್ತಿತ್ತು. ಕಟ್ಟಿಗೆಯ ಹೊಗೆ, ತೆಂಗಿನ ಹಾಲಿನ ವಾಸನೆ; ನನ್ನ ಚೆನ್ನಾಗಿರುವ ಮೂಗಿಗೆ ಅಷ್ಟೇ ಬರುತ್ತಿತ್ತು. ಐರಿಸ್ ಕೂಡ ಮೂಸಿ ನೋಡಿ ಇಲ್ಲವೆಂದು ತಲೆಯಾಡಿಸಿದರು.

ನಮ್ಮವರು ನನ್ನ ಕೈ ಕೊಡವಲಿಲ್ಲ. ನನ್ನನ್ನೇ ನೋಡಿದರು. ತಮ್ಮ ಮೇಲೆ ತಮಗೇ ನಂಬಿಕೆ ಹೋಗುತ್ತಿರುವುದು ಅವರ ಕಣ್ಣಿನಲ್ಲಿ ಕಂಡಿತು. ಇನ್ನೊಂದು ಗಳಿಗೆಯಾದರೆ ಕೂತುಬಿಡುತ್ತಿದ್ದರು.

ಆಗ ಮೈತ್ರಿ ಎದ್ದು ನಿಂತು, ‘ತಳ ಸುಡ್ತಾ ಇದೆಯಂತೆ! ಪಾತ್ರೆಯ ತಳ!’ ಎಂದು ಇಂಗ್ಲಿಷಿನಲ್ಲಿ ಎಲ್ಲರಿಗೂ ಕೇಳುವಂತೆ ಕೂಗಿ, ಅಪ್ಪನ ಇನ್ನೊಂದು ಕೈ ಹಿಡಿದು ಒಲೆಯ ಕಡೆ ಎಳೆದಳು. ಇಬ್ಬರೂ ಓಡಿದರು. ಡೆಸ್ಮಂಡ್ ಹಿಂದೆ ಓಡಿದ. ಅವನೂ ನಮ್ಮವರೂ ಗೋಣಿತಟ್ಟು ಸುತ್ತಿ ಹಿಡಿದು ಪಾತ್ರೆಯನ್ನು ಕಲ್ಲಿನ ಮೇಲಿಂದ ಇಳಿಸಿದರು.

ಐರಿಸ್ ಮುಚ್ಚಳ ತೆಗೆದರು. ಮೇಲೆ ಎಲೆ ಹಸಿರಾಗಿ, ಹಬೆಯಾಡುತ್ತ, ಏನೂ ಆಗದಂತೆ ಇತ್ತು. ಅವರು ಉದ್ದ ಹಿಡಿಯ ಸೌಟನ್ನು ಒಂದು ಬದಿಯಿಂದ ತಳದವರೆಗೆ ಇಳಿಸಿ, ಒಂದು ಜೀಗುಜ್ಜೆ ಹೋಳು ಎಬ್ಬಿಸಿ ಹಲಗೆಯ ಮೇಲೆ ಬೋರಲು ಹಾಕಿದರು. ಹೋಳಿನ ತಳ ಕಂದು ಬಣ್ಣಕ್ಕೆ ತಿರುಗಿ, ಒಂದು ಅಂಚು ಆಗಷ್ಟೇ ಕಪ್ಪಾಗಲು ಶುರುವಾಗಿತ್ತು.

ಡೆಸ್ಮಂಡ್ ಬಗ್ಗಿ ಆ ಅಂಚನ್ನು ನೋಡಿ ಮತ್ತೆ ಸಿಳ್ಳೆ ಹಾಕಿದ.

‘ಇನ್ನೆರಡು ನಿಮಿಷ ಆಗಿದ್ದರೆ ಇಡೀ ಪಾತ್ರೆ ನಾಯಿಗೆ,’ ಎಂದರು ಐರಿಸ್. ‘ಮಾಂಸದ ಕೊಬ್ಬಿಲ್ಲದೆ ನಾನು ಎಂದೂ ಮಾಡಿದವಳಲ್ಲ. ನಿನಗೆ ಹೇಗೆ ಗೊತ್ತಾಯಿತು?’

ನಮ್ಮವರು ಆ ಹೋಳನ್ನೇ ನೋಡುತ್ತಿದ್ದರು. ಬಗ್ಗಿ ಅದನ್ನು ಎತ್ತಿ ಮೂಗಿನ ಹತ್ತಿರ ಹಿಡಿದರು. ಮತ್ತೊಮ್ಮೆ ಹಿಡಿದರು.

‘ಬಂತೇನ್ರಿ?’ ಎಂದೆ.

‘ಬಂದಿತ್. ಖರೇ ಬಂದಿತ್,’ ಎಂದರು. ‘ಖರೇ’ ನನ್ನ ಧಾರವಾಡದ ಮಾತು. ಅವರ ಬಾಯಲ್ಲಿ ಅದನ್ನು ನಾನು ಕೇಳಿದ್ದು ಅದೇ ಮೊದಲು. ‘ಈಗ ಇಲ್ಲೆ. ಆದ್ರೆ ಬಂದಿತ್ ಮಾರಾಯ್ತಿ.’

ಅಷ್ಟು ಹೇಳಿ ಅಂಗಳದ ಅಂಚಿಗೆ ಹೋಗಿ, ನಮಗೆ ಬೆನ್ನು ಹಾಕಿ, ಕೆಳಗಿನ ಸಮುದ್ರದ ಕಡೆ ನೋಡುತ್ತ ನಿಂತರು. ನಾನು ಹೋಗಲು ಹೆಜ್ಜೆ ಎತ್ತಿದೆ. ಐರಿಸ್ ನನ್ನನ್ನು ತಡೆದು, ಮೈತ್ರಿ ಆಗಲೇ ಹೋಗುತ್ತಿರುವುದನ್ನು ಗದ್ದ ಎತ್ತಿ ತೋರಿಸಿದರು. ಅವಳು ಅಪ್ಪನ ಪಕ್ಕ ನಿಂತು ಏನೋ ಹೇಳಿದಳು. ಅವರು ಅವಳ ತಲೆಯ ಮೇಲೆ ಕೈಯಿಟ್ಟರು. ಏನು ಹೇಳಿದೆ ಎಂದು ನಾನು ಆಮೇಲೆ ಕೇಳಲಿಲ್ಲ.

ಬಾಳೆಲೆ ಹರಡಿ ಊಟಕ್ಕೆ ಕೂತಾಗ ಎರಡು ಗಂಟೆ. ಜೀಗುಜ್ಜೆ ಬೆಣ್ಣೆಯಂತೆ ಬೆಂದಿತ್ತು. ತೆಂಗಿನ ಹಾಲು, ಅರಿಸಿನ, ಕೆಸು ಒಂದಾಗಿ ಹೋಗಿದ್ದವು. ನಾನು ಎರಡು ಸಲ ಬಡಿಸಿಕೊಂಡೆ. ತಳದ ಕಂದು ಹೋಳುಗಳಿಗೆ ಡೆಸ್ಮಂಡ್ ಕೈ ಹಾಕಿದ, ಅದೇ ರುಚಿಯಂತೆ. ನಮ್ಮವರಿಗೆ ಊಟದ ವಾಸನೆಯೇನೂ ಬರಲಿಲ್ಲ. ಆದರೆ ಅಂದು ಅವರು ಚೆನ್ನಾಗಿದೆ ಎನ್ನಲಿಲ್ಲ. ‘ಉಪ್ಪು ಸಮ ಇತ್ತ್. ಮತ್ತೆಂತದೂ ಗೊತ್ತಾತಿಲ್ಲೆ,’ ಎಂದು ಇದ್ದದ್ದನ್ನು ಇದ್ದಂತೆ ಹೇಳಿದರು. ಎರಡು ವರ್ಷದಲ್ಲಿ ಊಟದ ಮುಂದೆ ಅವರು ನಿಜ ಹೇಳಿದ್ದು ಅದೇ ಮೊದಲು. ನನಗೆ ಅದು ಜಾಯಿಕಾಯಿಯ ವಾಸನೆಗಿಂತ ದೊಡ್ಡದಾಗಿ ಕಂಡಿತು.

ಹೊರಡುವಾಗ ಐರಿಸ್ ನಮ್ಮವರ ಕೈ ಹಿಡಿದುಕೊಂಡು, ‘ಮುಂದಿನ ಸಲ ನೀನೇ ಮಾಡು, ನಾನು ಕೂತು ಉಣ್ಣುತ್ತೇನೆ’ ಎಂದರು. ‘ಬೇಗ ಬಾ. ನನಗೆ ಎಪ್ಪತ್ತಾರು.’ ಇಳಿದು ಬಂದಾಗ ನಾಲ್ಕೂವರೆಯ ವ್ಯಾನು ಸಿಕ್ಕಿತು. ಮೈತ್ರಿ ನಮ್ಮಿಬ್ಬರ ನಡುವೆ ಕೂತು, ಅಪ್ಪನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದಳು. 

ಈಗ ಸಮುದ್ರ ಬಲಗಡೆಗೆ ಬಂದಿತ್ತು, ಸೂರ್ಯ ಅದರ ಮೇಲೆ ಇಳಿಯುತ್ತಿದ್ದ.

ಉಳಿದ ನಾಲ್ಕು ದಿನಗಳಲ್ಲಿ ಪವಾಡವೇನೂ ನಡೆಯಲಿಲ್ಲ. ಗುರುವಾರ ಮೈತ್ರಿಯ ಬೆನ್ನಿಗೆ ಸನ್‌ಸ್ಕ್ರೀನ್ ಹಚ್ಚುವಾಗ ಒಂದು ಗಳಿಗೆ ಏನೋ ಬಂತು ಎಂದರು. ಶುಕ್ರವಾರ ಏನೂ ಇಲ್ಲ. ಲಂಡನ್ನಿಗೆ ಹೋದ ಮೇಲೆ ಆಸ್ಪತ್ರೆಗೆ ಮತ್ತೆ ಬರೆಯಬೇಕು ಎಂದು ಅವರೇ ಹೇಳಿದರು. ಶನಿವಾರ ಸಂಜೆ ವಿಮಾನ ಮೇಲೆದ್ದಾಗ ಕಿಟಕಿಯಲ್ಲಿ ಇಡೀ ದ್ವೀಪ ಒಂದು ಕೆಸುವಿನ ಎಲೆಯಷ್ಟಾಗಿ, ಮೋಡದಲ್ಲಿ ಮುಚ್ಚಿಹೋಯಿತು.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಈಸ್ಟ್ ಹ್ಯಾಮ್ ಸ್ಟೇಷನ್ನಿನಿಂದ ಹೊರಗೆ ಬಂದೆವು. ಐದು ಡಿಗ್ರಿ, ಮೋಡ, ಮಳೆ ಇಲ್ಲ. ಹೈ ಸ್ಟ್ರೀಟ್ ನಾರ್ತ್‌ನಲ್ಲಿ ಸೀರೆ ಅಂಗಡಿಗಳು ಬಾಗಿಲು ತೆರೆಯುತ್ತಿದ್ದವು. ಕೆಲಸ ಬಿಟ್ಟಂದಿನಿಂದ ನಮ್ಮವರು ಆ ಬೀದಿಯಲ್ಲಿ ಹೋಟೆಲಿನ ಎದುರು ಬದಿಯ ಫುಟ್‌ಪಾತಿನಲ್ಲೇ ನಡೆಯುತ್ತಿದ್ದರು, ನಾವೂ ಅವರ ಹಿಂದೆ ಹಾಗೇ ನಡೆಯುತ್ತಿದ್ದೆವು. ಅಂದು ಅವರು ಸೂಟ್‌ಕೇಸ್ ಎಳೆಯುತ್ತ ಹೋಟೆಲಿನ ಬದಿಯಲ್ಲೇ ನಡೆದರು. ಬಾಗಿಲ ಮುಂದೆ ನಿಂತು, ‘ಒಂದ್ ನಿಮಿಷ ನಿಲ್ಲಿ, ಬಂದೆ’ ಎಂದು ಸೂಟ್‌ಕೇಸನ್ನು ನನ್ನ ಕಡೆ ತಳ್ಳಿ, ಪಕ್ಕದ ಓಣಿಯಿಂದ ಹಿಂಬಾಗಿಲ ಕಡೆ ಹೋದರು.

ಒಂದು ನಿಮಿಷ ಹದಿನೈದಾಯಿತು. ಒಳಗಿನಿಂದ ಯಾರೋ ಅವರ ಹೆಸರು ಹಿಡಿದು ಕೂಗಿದ್ದು ಕೇಳಿಸಿತು, ಪಾತ್ರೆಯ ಸದ್ದು, ನಗು. ಮೈತ್ರಿ ಚಳಿಗೆ ಒಂದು ಕಾಲ ಮೇಲೆ ಇನ್ನೊಂದು ಕಾಲಿಟ್ಟು ನಿಂತಿದ್ದಳು. ಅವಸರ ಮಾಡಲಿಲ್ಲ.

ಅವರು ಹೊರಗೆ ಬಂದು, ದೊಡ್ಡ ಸೂಟ್‌ಕೇಸನ್ನು ನನ್ನ ಕೈಯಿಂದ ತೆಗೆದುಕೊಂಡರು.

‘ಶನಿವಾರ ಬತ್ತೆ ಅಂದೆ. ತರ್ಕಾರಿ ಹೆಚ್ಚುಕೆ.’

‘ಮತ್ತೆ ಸಾಂಬಾರ್?’ ಎಂದಳು ಮೈತ್ರಿ.

ಅವರು ಒಂದು ಗಳಿಗೆ ಯೋಚಿಸಿದರು. ‘ಕಾಂಬ,’ ಎಂದರು. ನೋಡೋಣ ಎಂದು. ಆಮೇಲೆ ನಾವು ಮನೆಗೆ ನಡೆದೆವು.